ಶೇಂಗಾ ಹಿಂಡಿಯ ಲೆಕ್ಕ

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಬಡ್ಡಿ ಲೆಕ್ಕ ಕಲಿಸಿದವನು ನಾನು. ನನ್ನ ಕೈಯಲ್ಲಿ ಕಲಿತ ಹುಡುಗರಲ್ಲಿ ಕೆಲವರು ಈಗ ಬ್ಯಾಂಕಿನಲ್ಲಿದ್ದಾರೆ, ಕೆಲವರು ಬ್ಯಾಂಕಿನ ಬಾಕಿದಾರರ ಪಟ್ಟಿಯಲ್ಲಿದ್ದಾರೆ. ನಿವೃತ್ತಿಯಾದಾಗ ಬಂದ ಹಣವನ್ನು ಮೂರು ಬ್ಯಾಂಕುಗಳಿಗೆ ಹಂಚಿ ಇಟ್ಟೆ. ಬ್ಯಾಂಕು ಮುಳುಗಿದರೆ ವಿಮೆಯಿಂದ ಸಿಗುವುದು ಒಬ್ಬರಿಗೆ 5 ಲಕ್ಷದವರೆಗೆ ಮಾತ್ರ, 2020ಕ್ಕೆ ಮುಂಚೆ ಅದೂ ಬರೀ 1 ಲಕ್ಷವಿತ್ತು ಎಂಬುದನ್ನು ಮನೆಗೆ ಬಂದವರಿಗೆಲ್ಲ ಚಹಾ ಬರುವುದರೊಳಗೆ ವಿವರಿಸುತ್ತಿದ್ದೆ. ಚಹಾ ತಡವಾದರೆ ಚಕ್ರಬಡ್ಡಿಯೂ ಬರುತ್ತಿತ್ತು.

ಮನೆಯಾಕೆಯ ಹಣಕಾಸು ಇಲಾಖೆಯೇ ಬೇರೆ. ಸಾಸಿವೆ ಡಬ್ಬಿ ಅದರ ಖಜಾನೆ, ಗೋಡೆಯ ಕ್ಯಾಲೆಂಡರು ಖಾತೆ ಪುಸ್ತಕ. ಹಾಲು ಬರದ ದಿನಕ್ಕೆ ಸೊನ್ನೆ, ಸಿಲಿಂಡರ್ ಬಂದ ದಿನಕ್ಕೆ ಗೀಟು, ಭಿಶಿ ಎತ್ತುವ ದಿನಕ್ಕೆ ಕುಂಕುಮದ ಬೊಟ್ಟು. ಓಣಿಯ ಹನ್ನೆರಡು ಹೆಂಗಸರು ತಿಂಗಳಿಗೆ 500ರಂತೆ ಹಾಕುವ ಭಿಶಿ ಅದು. ಚೀಟಿ ವ್ಯವಹಾರಕ್ಕೆ 1982ರದೊಂದು ಕಾಯಿದೆಯೇ ಇದೆ ಎಂದು ಒಮ್ಮೆ ಹೇಳಿದೆ. “ಇರ್ಲಿ ಬಿಡ್ರಿ, ಬೇಕಾದ್ರ ಅವರೂ ಒಂದು ಹೆಸರು ಹಾಕ್ಲಿ” ಅಂದಳು.

ಆಕೆಗೆ ಚೀಟಿ ಎದ್ದು 6,000 ಕೈಗೆ ಬಂದ ತಿಂಗಳು ನಮ್ಮ ಉಪಕಸುಬು ಶುರುವಾಯಿತು. ಶೇಂಗಾ ಹಿಂಡಿ. ಬೆಂಗಳೂರಿನವರಿಗೆ ಹಿಂಡಿ ಅಂದರೆ ಎಮ್ಮೆಗೆ ಹಾಕುವುದು. ಅವರಿಗಾಗಿ ಪಾಕೀಟಿನ ಮೇಲೆ ‘ಚಟ್ನಿಪುಡಿ’ ಎಂದೂ ಬರೆಸಿದೆವು. ಆಹಾರ ಪದಾರ್ಥವಾದ್ದರಿಂದ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಸಣ್ಣವರಿಗೆ ಅದು ದೊಡ್ಡ ಗಂಟೇನಲ್ಲ. ನಾವು ಮಾಡಿಸಿದಾಗ ವರ್ಷಕ್ಕೆ 100 ರೂಪಾಯಿ. ಸಿಕ್ಕಿದ 14 ಅಂಕಿಯ ನಂಬರನ್ನು ನಾನು ಮಗ್ಗಿಯಂತೆ ಬಾಯಿಪಾಠ ಮಾಡಿದೆ. ಯಾರೂ ಕೇಳಲಿಲ್ಲ.

ಶೇಂಗಾ ಹುರಿಯುವುದು ತಾಳ್ಮೆಯ ಕೆಲಸ. ಉರಿ ಸಣ್ಣಗಿರಬೇಕು, ಸಿಪ್ಪೆ ಬೆರಳಿಗೆ ತಾನಾಗಿ ಬಿಡಬೇಕು. ಮೊರದಲ್ಲಿ ಕೇರಿದಾಗ ಸಿಪ್ಪೆ ಹಾರಿ ನನ್ನ ಕನ್ನಡಕದ ಮೇಲೆ ಕೂಡುತ್ತಿತ್ತು. ಬೆಳ್ಳುಳ್ಳಿ, ಜೀರಿಗೆ, ಬ್ಯಾಡಗಿ ಖಾರ ಹಾಕಿ ಒರಳಲ್ಲಿ ಕುಟ್ಟಿದರೆ ಎಣ್ಣೆ ಒಸರಿ ಹಿಂಡಿ ಮುದ್ದೆಗಟ್ಟುತ್ತದೆ. ಮಿಕ್ಸರಿನದು ಬರೀ ಪುಡಿ ಎಂಬುದು ಆಕೆಯ ಸಿದ್ಧಾಂತ. ಶೇಂಗಾ, ಖಾರ, ಗ್ಯಾಸು, ಪಾಕೀಟು ಎಲ್ಲ ಕೂಡಿಸಿ, ಕಿಲೋಕ್ಕೆ 400ರಂತೆ ಮಾರಿದರೆ ಇಷ್ಟು ಲಾಭ ಎಂದು ತೋರಿಸಿದೆ. ಆಕೆ ಹಾಳೆ ತಿರುವಿ ನೋಡಿದಳು. “ಕುಟ್ಟಿದವರ ಪಗಾರ ಎಲ್ಲೈತ್ರೀ?” ನನ್ನ ಲೆಕ್ಕದಲ್ಲಿ ಆ ಕಾಲಮ್ಮೇ ಇರಲಿಲ್ಲ. ಮೂವತ್ತೊಂದು ವರ್ಷ ಮನೆಯಲ್ಲಿ ಉಂಡಿದ್ದರ ಲೆಕ್ಕದಲ್ಲೂ ಇರಲಿಲ್ಲ, ಆ ಮಾತು ಬೇರೆ.

ಮೂರನೇ ತಿಂಗಳಿಗೆ ದೊಡ್ಡ ಆರ್ಡರು ಬಂತು. ಫೋನಿನಲ್ಲಿ ಗಡಸು ಹಿಂದಿ. ಮಿಲಿಟರಿ ಕ್ಯಾಂಟೀನಿಗೆ 24 ಕಿಲೋ ಬೇಕಂತೆ. ಗುರುತಿನ ಚೀಟಿಯ ಫೋಟೋವೂ ಬಂತು, ಸಮವಸ್ತ್ರ, ಮೀಸೆ ಸಮೇತ. ನಾನು ಕುರ್ಚಿಯಿಂದ ಎದ್ದು ನಿಂತೇ ಮಾತಾಡಿದೆ. ಒಟ್ಟು 9,600, ಅರ್ಧ ಮುಂಗಡ. “ನಮ್ಮ ಪದ್ಧತಿ ಬೇರೆ ಸರ್, ನಾನು ಕಳಿಸುವ ಕ್ಯೂಆರ್ ಕೋಡ್ ನೀವು ಸ್ಕ್ಯಾನ್ ಮಾಡಬೇಕು” ಅಂದ. ಮೊದಲು 10 ರೂಪಾಯಿಯ ಪರೀಕ್ಷೆ. ಪಿನ್ ಒತ್ತಿದೆ, 10 ಹೋಯಿತು, ತಕ್ಷಣ 20 ಬಂತು. ವರ್ಷಕ್ಕೆ ಶೇಕಡಾ 7ಕ್ಕೆ ಹಣ ಇಡುವ ಗಣಿತದ ಮಾಸ್ತರನಿಗೆ ಅರ್ಧ ನಿಮಿಷದಲ್ಲಿ ದುಡ್ಡು ಇಮ್ಮಡಿಯಾದದ್ದು ಸಂಶಯ ಹುಟ್ಟಿಸಬೇಕಿತ್ತು. ಹುಟ್ಟಿಸಿದ್ದು ಉತ್ಸಾಹ. ಮುಂದಿನ ಕೋಡಿಗೆ ಪಿನ್ ಒತ್ತಿದೆ, 4,800 ಹೋಯಿತು. ಹೋದದ್ದು ಹೋಗಿಯೇ ಇತ್ತು. “ಸರ್ವರ್ ತೊಂದರೆ, ಮತ್ತೊಮ್ಮೆ ಒತ್ತಿ, ಎರಡೂ ಕೂಡಿ ಬರುತ್ತದೆ” ಅಂದ.

ಮತ್ತೆ ಒತ್ತುವವನಿದ್ದೆ. ಒರಳಿನ ಮುಂದೆ ಕೂತವಳು ಒನಕೆ ನಿಲ್ಲಿಸಿದಳು. “ರೊಕ್ಕ ಬರೋದಕ್ಕ ಪಿನ್ ಯಾಕ ಬೇಕ್ರೀ? ಮನ್ಯಾಗಿಂದು ತಗದು ಕೊಡೋದಕ್ಕಲ್ಲ ಕೀಲಿ?”

ಫೋನ್ ಕಟ್ ಮಾಡಿದೆ. 1930ಕ್ಕೆ ನಾನೇ ಕರೆ ಮಾಡಿದೆ. ಸೈಬರ್ ವಂಚನೆಗೆ ಆ ನಂಬರಿದೆ, ಬೇಗ ತಿಳಿಸಿದಷ್ಟೂ ಹಣ ಮುಂದೆ ಸಾಗುವ ಮುಂಚೆ ತಡೆಹಿಡಿಯುವ ಸಂಭವ ಹೆಚ್ಚು. ಇದನ್ನೂ ಹಿಂದೆ ಎಷ್ಟೋ ಜನಕ್ಕೆ ನಾನೇ ಹೇಳಿದ್ದೆ. ದೂರಿನ ನಂಬರು ಬಂತು, ರೊಕ್ಕ ಬಂದಿಲ್ಲ. ಅಷ್ಟರಲ್ಲಿ ಕುಟ್ಟಿಟ್ಟಿದ್ದ ಒಂಬತ್ತು ಕಿಲೋ ಹಿಂಡಿಯನ್ನು ಭಿಶಿಯ ಹೆಂಗಸರು ಒಂದೇ ಸಂಜೆಯಲ್ಲಿ ಒಯ್ದರು, ಅರ್ಧ ಉದ್ರಿ. ಅವರಲ್ಲಿ ಯಾರಿಗೂ ಕ್ಯೂಆರ್ ಕೋಡ್ ಬೇಕಾಗಲಿಲ್ಲ, ಹದಿನೈದು ದಿನದಲ್ಲಿ ಪೈಸೆ ಬಿಡದೆ ತಂದುಕೊಟ್ಟರು.

ಕ್ಯಾಲೆಂಡರಿನ ಆ ತಿಂಗಳ ಮೂಲೆಯಲ್ಲಿ ಆಕೆ ಬರೆದಿದ್ದಳು: ‘ಮಿಲಿಟರಿಯವರು, 4,800, ಬಾಕಿ.’ ಈಗಲೂ ತಿಂಗಳು ಮಗುಚಿದಾಗ ಹಾಲಿನ ಬಾಕಿಯ ಕೆಳಗೆ ಆ ಸಾಲನ್ನೂ ಹೊಸ ಹಾಳೆಗೆ ಎತ್ತಿ ಬರೆಯುತ್ತಾಳೆ. ಬಡ್ಡಿ ಹಚ್ಚಲೇನು ಅಂತ ಮೊನ್ನೆ ನನ್ನನ್ನು ಕೇಳಿದಳು.