ಬ್ಯಾಟರಿಯವರಿಗೊಂದು ಬಹಿರಂಗ ಪತ್ರ

ಮಾನ್ಯ ಹನ್ನೆರಡು ವೋಲ್ಟಿನ ಬ್ಯಾಟರಿಯವರೇ,

ಬಾನೆಟ್ಟಿನ ಕೆಳಗೆ ಒಂದು ಮೂಲೆಯಲ್ಲಿ, ತುಕ್ಕು ಹಿಡಿದ ತಟ್ಟೆಯ ಮೇಲೆ, ಹೊಟ್ಟೆ ತುಂಬ ಆಸಿಡ್ ಇಟ್ಟುಕೊಂಡೂ ಯಾರ ಮೇಲೂ ಕಾರದೆ ಕೂತಿರುವ ತಮಗೆ ಹಳೇ ಕಾರಿನವರ ಪರವಾಗಿ ನಮಸ್ಕಾರಗಳು. ಈ ಪತ್ರ ಕೈಸೇರುವ ಹೊತ್ತಿಗೆ ತಾವು ಕೆಲಸದಲ್ಲಿರುತ್ತೀರೋ ಇಲ್ಲವೋ, ಭರವಸೆ ಕೊಡಲಾಗದು. ನಾಳೆ ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗದಿದ್ದರೆ ಮನೆಯ ಯಜಮಾನರಿಂದ ಹಿಡಿದು ಪೇಪರ್ ಹಾಕುವ ಹುಡುಗನವರೆಗೆ ಎಲ್ಲರ ಬಾಯಲ್ಲೂ ಬರುವುದು ಒಂದೇ ಮಾತು: "ಬ್ಯಾಟ್ರಿ ಹೋಗಿದೆ."

ಇಲಾಖೆಯಲ್ಲಿ ಏನೇ ಹಗರಣವಾದರೂ ಮೊದಲು ಗುಮಾಸ್ತ ಅಮಾನತಾಗುತ್ತಾನಲ್ಲ, ಕಾರಿನ ಮಟ್ಟಿಗೆ ಆ ಗುಮಾಸ್ತರು ತಾವು. ಕಣ್ಣಿಗೆ ಕಾಣುವಂತೆ ಕೂತಿದ್ದೀರಿ, ಎರಡು ನಟ್ಟು ಸಡಿಲಿಸಿದರೆ ಹೊರಗೆ ಬರುತ್ತೀರಿ, ತಮ್ಮ ಜಾಗಕ್ಕೆ ಇನ್ನೊಬ್ಬರು ಅಂಗಡಿಯ ಶೆಲ್ಫಿನಲ್ಲಿ ವಾರಂಟಿ ಕಾರ್ಡ್ ಸಮೇತ ಕಾದಿರುತ್ತಾರೆ. ಇಷ್ಟು ಅನುಕೂಲದ ತಪ್ಪಿತಸ್ಥ ಇನ್ನೆಲ್ಲಿ ಸಿಗಬೇಕು?

ಮಲೆನಾಡಿನ ಒಬ್ಬ ನಿವೃತ್ತ ಮೇಷ್ಟ್ರ ಬಿಳಿ ಮಾರುತಿ 800ರ ಸಂಗತಿಯನ್ನು ತಮ್ಮ ಗಮನಕ್ಕೆ ತರಲೇಬೇಕು. ಇಂದಿರಾ ಗಾಂಧಿಯವರು 1983ರ ಡಿಸೆಂಬರ್ 14ರಂದು ಮೊದಲ ಗಿರಾಕಿಯ ಕೈಗೆ ಕೀಲಿ ಕೊಟ್ಟರಲ್ಲ, ಅದೇ ವಂಶದ ಕಾರು. 796 ಸಿ.ಸಿ., ಮೂರು ಸಿಲಿಂಡರ್. ಕಾರ್ಖಾನೆ ಈ ಮಾದರಿಗೆ 2014ರ ಜನವರಿಯಲ್ಲೇ ವಿದಾಯ ಹೇಳಿತು, ಮೇಷ್ಟ್ರು ಹೇಳಿಲ್ಲ. ಒಂದು ದಿನ ಕೀಲಿ ತಿರುಗಿಸಿದರೆ ಬರೀ 'ಟಕ್'. ಸೆಲ್ಫ್ ತಿರುಗಲಿಲ್ಲ. ಮೆಕ್ಯಾನಿಕ್ ಬಂದ, ಹಾರನ್ ಒತ್ತಿದ, ಹೆಡ್‌ಲೈಟ್ ಹಾಕಿದ. ಹಾರನ್ ಕೂಗಿತು, ಲೈಟು ಉರಿಯಿತು. ಆದರೂ ತೀರ್ಪು ಬಂದದ್ದು ತಮ್ಮ ವಿರುದ್ಧವೇ. "ಒಂದ್ಸಲ ಬದ್ಲಾಯ್ಸಿ ನೋಡಣ ಮೇಷ್ಟ್ರೇ."

ಬದಲಾಯಿಸಿದರು. ಕೆಲವು ದಿನ ಗಾಡಿ ಹೂವಿನ ಹಾಗೆ ಸ್ಟಾರ್ಟ್ ಆಯಿತು, ತಮ್ಮ ಅಪರಾಧ ಸಾಬೀತಾದಂತೆಯೂ ಆಯಿತು. ಆಮೇಲೆ ಮತ್ತೆ 'ಟಕ್'. ಸೆಲ್ಫ್ ಮೋಟರ್ ಬಿಚ್ಚಿ ಕಾರ್ಬನ್ ಬ್ರಷ್ ಹಾಕಿಸಿದರು. ಮತ್ತೆ 'ಟಕ್'. ಆಲ್ಟರ್ನೇಟರಿಗೂ ವಿಚಾರಣೆ ನಡೆಯಿತು. ಕೊನೆಗೆ ಬ್ಯಾಟರಿಯ ಮೈನಸ್‌ನಿಂದ ಗೇರ್‌ಬಾಕ್ಸಿಗೆ ಹೋಗುವ ಅರ್ಥಿಂಗ್ ವೈರಿನ ಬುಡ ನೋಡಿದವನು ಪಕ್ಕದ ಗ್ಯಾರೇಜಿನ ಎಲೆಕ್ಟ್ರಿಷಿಯನ್. ಬೋಲ್ಟಿನ ಕೆಳಗೆ ತುಕ್ಕು, ಅದರ ಮೇಲೆ ಮಳೆಗಾಲದ ಕೆಸರು, ಎಳೆಗಳು ಅರ್ಧಕ್ಕರ್ಧ ತುಂಡು. ಉಪ್ಪು ಕಾಗದ ಹಾಕಿ ಉಜ್ಜಿ, ಹೊಸ ತಾಮ್ರದ ಪಟ್ಟಿ ಬಿಗಿದ ಮೇಲೆ ಗಾಡಿ ಮರುಮಾತಾಡಲಿಲ್ಲ. ನಡುವೆ ಕೆಲವು ದಿನ ಸರಿಯಿದ್ದದ್ದಕ್ಕೂ ಪವಾಡ ಬೇಕಿಲ್ಲ. ಹೊಸ ಬ್ಯಾಟರಿ ಕೂರಿಸುವಾಗ ವೈರುಗಳನ್ನು ಎಳೆದಾಡಿದ್ದರಿಂದ ಆ ಕೆಟ್ಟ ಜೋಡಣೆ ತುಸು ಅಲುಗಿ ತಾತ್ಕಾಲಿಕವಾಗಿ ಕಚ್ಚಿಕೊಂಡಿತ್ತು, ಅಷ್ಟೇ.

ಹಾರನ್ ಒತ್ತಿ ಬ್ಯಾಟರಿ ಪರೀಕ್ಷೆ ಮಾಡುವ ಮಹನೀಯರಿಗೆ ಇಲ್ಲಿ ಸ್ವಲ್ಪ ಲೆಕ್ಕ ಹೇಳಬೇಕು. ಒಂದು ಹೆಡ್‌ಲೈಟ್ ಬಲ್ಬಿಗೆ ಬೇಕಾದ್ದು ಸುಮಾರು ಐದು ಆಂಪಿಯರ್. ಸೆಲ್ಫ್ ಮೋಟರ್ ತಣ್ಣಗಿನ ಇಂಜಿನನ್ನು ಎಬ್ಬಿಸಲು ಎಳೆಯುವುದು ನೂರಕ್ಕೂ ಹೆಚ್ಚು. ಜೋಡಣೆಯಲ್ಲಿ ಬರೀ 0.02 ಓಮ್ ತಡೆ ಇದ್ದರೂ ಲೈಟಿಗೆ ಅದು ಲೆಕ್ಕಕ್ಕಿಲ್ಲ. ಅದೇ ಜಾಗದಲ್ಲಿ 150 ಆಂಪಿಯರ್ ಹರಿಯಬೇಕಾದಾಗ ಮೂರು ವೋಲ್ಟ್ ದಾರಿಯಲ್ಲೇ ಸೋರಿಹೋಗುತ್ತದೆ. ಲೈಟು ಉರಿಯಿತು ಎಂದ ಮಾತ್ರಕ್ಕೆ ಬ್ಯಾಟರಿ ಚೆನ್ನಾಗಿದೆ ಎನ್ನಲಾಗದು, ಸೆಲ್ಫ್ ತಿರುಗಲಿಲ್ಲ ಎಂದ ಮಾತ್ರಕ್ಕೆ ಬ್ಯಾಟರಿ ಸತ್ತಿದೆ ಎನ್ನಲೂ ಆಗದು. ಟರ್ಮಿನಲ್ ಮೇಲೆ ಬೆಳೆಯುವ ಆ ಬಿಳಿ-ಹಸಿರು ಹಿಟ್ಟನ್ನು ಬಿಸಿನೀರು, ಅಡುಗೆ ಸೋಡಾ ಹಾಕಿ ತೊಳೆಯದೆಯೇ ತಮ್ಮನ್ನು ಮನೆಗೆ ಕಳಿಸಿದ ಪ್ರಕರಣಗಳನ್ನು ಎಣಿಸುತ್ತ ಕೂತರೆ ಪತ್ರಿಕೆಯ ಪುಟಗಳು ಸಾಲವು.

ನ್ಯಾಯ ವಿಚಾರಣೆ ಅಷ್ಟೇನೂ ಕಷ್ಟದ್ದಲ್ಲ. ಕೆಲವು ನೂರು ರೂಪಾಯಿಯ ಮಲ್ಟಿಮೀಟರ್ ಸಾಕು. ತಮ್ಮೊಳಗೆ ಆರು ಕೋಶ, ಒಂದೊಂದಕ್ಕೆ 2.1 ವೋಲ್ಟ್. ರಾತ್ರಿಯಿಡೀ ನಿಂತ ಗಾಡಿಯಲ್ಲಿ 12.6 ತೋರಿಸಿದರೆ ತಾವು ತುಂಬಿದ ಕೊಡ, 12.4 ಎಂದರೆ ಮುಕ್ಕಾಲು, 12ಕ್ಕೆ ಇಳಿದಿದ್ದರೆ ಹೆಚ್ಚುಕಡಿಮೆ ಖಾಲಿ. ಸೆಲ್ಫ್ ಹೊಡೆಯುವಾಗ ತಮ್ಮ ಎರಡು ಟರ್ಮಿನಲ್ ನಡುವೆಯೇ 9.6ಕ್ಕಿಂತ ಕೆಳಗೆ ಬಿದ್ದರೆ ಅನುಮಾನ ತಮ್ಮ ಮೇಲೆ ಬರುವುದು ಸರಿ. ಅಲ್ಲಿ ಹನ್ನೊಂದರ ಹತ್ತಿರ ನಿಂತಿದ್ದೂ ಮೋಟರ್ ತಿರುಗದಿದ್ದರೆ ಕಳ್ಳ ಬೇರೆಲ್ಲೋ ಇದ್ದಾನೆ. ಇಂಜಿನ್ ಓಡುವಾಗ 14ರ ಆಸುಪಾಸು ಬಾರದಿದ್ದರೆ ತಮಗೆ ಊಟವೇ ಹಾಕುತ್ತಿಲ್ಲ ಎಂದರ್ಥ. ಇಷ್ಟು ಮಾಡಲು ಐದು ನಿಮಿಷ ಬೇಕು. ಐದು ನಿಮಿಷ ಯಾರಿಗಿದೆ? ನಾಲ್ಕೈದು ಸಾವಿರ ರೂಪಾಯಿ ಮಾತ್ರ ಎಲ್ಲರಿಗೂ ಇರುತ್ತದೆ.

ಹಾಗೆಂದು ತಾವು ಹರಿಶ್ಚಂದ್ರರೇನಲ್ಲ. ಮೂರರಿಂದ ಐದು ವರ್ಷಕ್ಕೆ ತಮ್ಮ ಆಯಸ್ಸು ಮುಗಿಯುತ್ತದೆ, ಬಿಸಿಲೂರುಗಳಲ್ಲಿ ಇನ್ನೂ ಬೇಗ. ಡಿಸ್ಟಿಲ್ಡ್ ವಾಟರ್ ಕಾಣದೆ ಪ್ಲೇಟುಗಳು ಒಣಗಿದ್ದಾಗ, ಮೊಮ್ಮಕ್ಕಳ ಮದುವೆಗೆಂದು ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಲ್ಲಿಸಿದ್ದಾಗ ತಾವು ಕೈಕೊಟ್ಟದ್ದು ನಿಜ. ಅಂಥ ಪ್ರಕರಣಗಳಲ್ಲಿ ಈ ಪತ್ರ ತಮ್ಮ ವಕಾಲತ್ತು ವಹಿಸುವುದಿಲ್ಲ.

ನಿಜವಾದ ಅನ್ಯಾಯ ನಡೆಯುವುದು ಸೆಲ್ಫ್ ಗಿರ್ರನೆ ತಿರುಗಿಯೂ ಇಂಜಿನ್ ಹತ್ತಿಕೊಳ್ಳದಿದ್ದಾಗ. ಸೆಲ್ಫ್ ಅಷ್ಟು ಚೆನ್ನಾಗಿ ತಿರುಗುತ್ತಿದೆ ಎಂದರೆ ತಮ್ಮ ಪಾಲಿನ ಕೆಲಸ ಮುಗಿಯಿತು. ಇನ್ನು ಕೇಳಬೇಕಾದ್ದು ಪೆಟ್ರೋಲನ್ನು, ಕಿಡಿಯನ್ನು. ಆದರೆ ಯಜಮಾನರು ಕೇಳುವುದಿಲ್ಲ. ಹಲ್ಲು ಕಚ್ಚಿ ಸೆಲ್ಫ್ ಹೊಡೆಯುತ್ತಾರೆ. ಗಿರ್ರ್, ಗಿರ್ರ್, ಗಿರ್... ಗಿ... ತಾವು ಸುಸ್ತಾಗಿ ಉಸಿರು ಬಿಟ್ಟ ಮೇಲೆ ಸುತ್ತ ನಿಂತವರ ಕಡೆ ತಿರುಗಿ ಗೆದ್ದವರಂತೆ ಹೇಳುತ್ತಾರೆ: "ನೋಡಿ, ನಾನು ಆಗಲೇ ಹೇಳಲಿಲ್ವಾ, ಬ್ಯಾಟ್ರಿನೇ!" ಕೊಂದವರೇ ಪಂಚನಾಮೆ ಬರೆಯುವ ಪದ್ಧತಿ ಕಾರಿನ ಲೋಕದಲ್ಲಿ ಹೀಗೆ ಊರ್ಜಿತವಾಗಿದೆ.

ಕಿಡಿಯ ಕಡೆಯವರ ವಿಚಾರ ತಮಗೆ ತಿಳಿದದ್ದೇ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಸೆಲ್ಫ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರುಗಳಿಗೆ ಬಂತು, ಹ್ಯಾಂಡಲ್ ತಿರುಗಿಸಿ ಕೈ ಮುರಿದುಕೊಳ್ಳುವ ಕಾಲ ಮುಗಿಯುತ್ತ ಬಂತು. ಕಾಯಿಲ್ ಮತ್ತು ಪಾಯಿಂಟಿನ ಇಗ್ನಿಷನ್ ವ್ಯವಸ್ಥೆಯೂ ಅದೇ ಮನುಷ್ಯನ ಕೊಡುಗೆ. ಅಂಬಾಸಡರ್, ಪ್ರೀಮಿಯರ್ ಪದ್ಮಿನಿ, ಮೊದಲ ತಲೆಮಾರಿನ 800 ಎಲ್ಲವೂ ಆ ಪಾಯಿಂಟ್ ನಂಬಿಯೇ ಬದುಕಿದವು. ಎರಡು ಪುಟ್ಟ ಲೋಹದ ತುಟಿ, ನಡುವೆ ಅರ್ಧ ಮಿಲಿಮೀಟರಿನಷ್ಟು ಸಂದು. ಸಂದು ಮುಚ್ಚಿಕೊಂಡರೆ, ತುಟಿ ಕಪ್ಪಾದರೆ ಕಿಡಿ ಸೊರಗುತ್ತದೆ. ಜೊತೆಗಿರುವ ಹೆಬ್ಬೆರಳಿನ ಗಾತ್ರದ ಕಂಡೆನ್ಸರ್ ಮಹಾ ಕಿಲಾಡಿ. ತಣ್ಣಗಿದ್ದಾಗ ಸಾಧು, ಇಂಜಿನ್ ಕಾದ ಮೇಲೆ ಗಾಡಿಯನ್ನು ನಡುರಸ್ತೆಯಲ್ಲಿ ನಿಲ್ಲಿಸಿ, ಮೆಕ್ಯಾನಿಕ್ ಬರುವಷ್ಟರಲ್ಲಿ ತಣ್ಣಗಾಗಿ ಮತ್ತೆ ಸಾಧು. ಮೆಕ್ಯಾನಿಕ್ ಕೀಲಿ ತಿರುಗಿಸಿದರೆ ಅರೆಕ್ಷಣದಲ್ಲಿ ಸ್ಟಾರ್ಟ್. "ಏನೂ ಇಲ್ವಲ್ಲ ಸಾರ್!"

ಜುಲೈ ತಿಂಗಳಲ್ಲಿ ಆಗುಂಬೆ ಘಾಟಿಯ ತಿರುವುಗಳಲ್ಲಿ ಹಳೇ ಗಾಡಿ ಕೆಮ್ಮಿ ನಿಂತರೆ ಅಲ್ಲಿಯೂ ತಮ್ಮದೇನಿಲ್ಲ. ಡಿಸ್ಟ್ರಿಬ್ಯೂಟರ್ ಕ್ಯಾಪಿನೊಳಗೆ ನೀರಿನ ಪಸೆ, ಬಿರುಕುಬಿಟ್ಟ ಹೆಚ್.ಟಿ. ವೈರು. ಕತ್ತಲಲ್ಲಿ ಬಾನೆಟ್ ಎತ್ತಿ ನೋಡಿದರೆ ಆ ವೈರುಗಳ ಮೈಮೇಲೆ ನೀಲಿ ಕಿಡಿ ಹರಿದಾಡುವುದು ಕಾಣುತ್ತದೆ. ಪ್ಲಗ್ಗಿಗೆ ಹೋಗಬೇಕಾದ ಕಿಡಿ ಮಳೆ ನೋಡಲು ಹೊರಬಂದಿರುತ್ತದೆ. ಅನುಭವಸ್ಥ ಡ್ರೈವರುಗಳು ಸೀಟಿನ ಕೆಳಗಿಂದ ಒಣ ಬನಿಯನ್ ಬಟ್ಟೆ ತೆಗೆದು ಕ್ಯಾಪ್ ಒರೆಸಿ ಹೊರಟುಬಿಡುತ್ತಾರೆ. ಅನುಭವವಿಲ್ಲದವರು ಫೋನ್ ತೆಗೆದು ಬ್ಯಾಟರಿ ಅಂಗಡಿಯ ನಂಬರ್ ಹುಡುಕುತ್ತಾರೆ, ಪುಣ್ಯಕ್ಕೆ ಘಾಟಿಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ.

ಪೆಟ್ರೋಲಿನ ಕಡೆಯವರು ಇನ್ನೂ ನಾಜೂಕು. ಬೇಸಿಗೆಯ ಮಧ್ಯಾಹ್ನ ಅಂಬಾಸಡರ್ ನಿಂತರೆ ಹಳೇ ಟ್ಯಾಕ್ಸಿಯವರು ಇಂಜಿನ್ ಪಕ್ಕದ ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿ ಬೀಡಿ ಹಚ್ಚುತ್ತಿದ್ದರು (ಗಾಡಿಯಿಂದ ದೂರ ಹೋಗಿ ಹಚ್ಚುತ್ತಿದ್ದರು ಎಂದು ಆಶಿಸೋಣ). ಶಾಖಕ್ಕೆ ಪೈಪಿನಲ್ಲಿ ಪೆಟ್ರೋಲ್ ಆವಿಯಾಗಿ ಪಂಪಿಗೆ ಎಳೆಯಲು ಬರೀ ಗಾಳಿ ಸಿಗುತ್ತಿತ್ತು. ಒದ್ದೆ ಬಟ್ಟೆಗೆ ಆವಿ ಮತ್ತೆ ಪೆಟ್ರೋಲಾಗುತ್ತಿತ್ತು. ಟ್ಯಾಂಕಿನ ಮುಚ್ಚಳದ ಕಥೆ ಅದಕ್ಕಿಂತ ಸ್ವಾರಸ್ಯದ್ದು. ಹಳೇ ಮುಚ್ಚಳಗಳಲ್ಲಿ ಗಾಳಿ ಒಳಹೋಗಲು ಒಂದು ಸೂಕ್ಷ್ಮ ರಂಧ್ರವಿರುತ್ತದೆ. ಧೂಳು ಸೇರಿ ಅದು ಮುಚ್ಚಿದರೆ ಪೆಟ್ರೋಲ್ ಖಾಲಿಯಾದಷ್ಟೂ ಟ್ಯಾಂಕಿನೊಳಗೆ ನಿರ್ವಾತ ಹೆಚ್ಚುತ್ತದೆ, ಪಂಪು ಎಳೆದೂ ಎಳೆದೂ ಸೋಲುತ್ತದೆ. ಒಂದಷ್ಟು ದೂರ ಓಡಿ ಗಾಡಿ ಆಫ್. ಸ್ವಲ್ಪ ಹೊತ್ತು ಬಿಟ್ಟರೆ ತಾನಾಗಿ ಸ್ಟಾರ್ಟ್. ನಿಂತ ಕೂಡಲೇ ಮುಚ್ಚಳ ತಿರುಗಿಸಿದವನಿಗೆ 'ಉಸ್ಸ್' ಎಂಬ ಸದ್ದಿನಲ್ಲೇ ಉತ್ತರ ಸಿಗುತ್ತಿತ್ತು. ತಿರುಗಿಸದವನು ಕಾರ್ಬೊರೇಟರ್ ಬಿಚ್ಚಿಸುತ್ತಿದ್ದ.

ಇತ್ತೀಚೆಗೆ ಈ ಕೂಟಕ್ಕೆ ಎಥೆನಾಲ್ ಕೂಡ ಸೇರಿದೆ. ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲಿಗೆ ಪ್ರಧಾನಿ ಮೋದಿಯವರು ಚಾಲನೆ ಕೊಟ್ಟದ್ದು ಬೆಂಗಳೂರಿನಲ್ಲೇ, 2023ರ ಫೆಬ್ರುವರಿ 6ರಂದು, ಇಂಡಿಯಾ ಎನರ್ಜಿ ವೀಕ್ ವೇದಿಕೆಯಿಂದ. ಕಬ್ಬು ಬೆಳೆಯುವವರಿಗೆ ಅದರಿಂದ ಒಳಿತಾದರೆ ಸಂತೋಷ. ಆದರೆ ಎಥೆನಾಲ್ ನೀರನ್ನು ಬರಸೆಳೆದು ಅಪ್ಪಿಕೊಳ್ಳುವ ಸ್ವಭಾವದ್ದು. ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ನೀರು ಮಿತಿಮೀರಿದರೆ ಎರಡೂ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳ ಸೇರುತ್ತವೆ, ಇಂಜಿನ್ನಿಗೆ ಪೆಟ್ರೋಲ್ ಹೋಗುವ ನಳಿಗೆಯ ಬಾಯಿಯೂ ಅಲ್ಲೇ ಇರುತ್ತದೆ. ಮೇಷ್ಟ್ರ ಕಾಲದ ರಬ್ಬರ್ ಪೈಪು, ಗ್ಯಾಸ್ಕೆಟ್ಟುಗಳು ಈ ಹೊಸ ನೆಂಟನನ್ನು ಎಣಿಸಿ ಮಾಡಿದವಲ್ಲ, ಕೆಲವು ಉಬ್ಬುತ್ತವೆ, ಕೆಲವು ಬಿರಿಯುತ್ತವೆ. ಟ್ಯಾಂಕಿನ ಹಳೇ ಗಸಿ ಕದಡಿ ಬಂದು ಫಿಲ್ಟರಿನಲ್ಲಿ ಕೂರುತ್ತದೆ. ಗಾಡಿ ಎಳೆಯುವುದಿಲ್ಲ, ಐಡ್ಲಿಂಗಿನಲ್ಲಿ ನಿಲ್ಲುವುದಿಲ್ಲ. ತೀರ್ಪು? ತಮಗೆ ಗೊತ್ತೇ ಇದೆ.

ರಸ್ತೆ ಬದಿಯ ಸಲಹಾ ಸಮಿತಿಯ ಬಗ್ಗೆ ಎರಡು ಮಾತು ಹೇಳದಿದ್ದರೆ ಅವರು ಬೇಸರ ಮಾಡಿಕೊಂಡಾರು. ಗಾಡಿ ನಿಂತ ಎರಡು ನಿಮಿಷಕ್ಕೆ ಸಮಿತಿ ಸೇರುತ್ತದೆ, ಕೋರಂ ಕೊರತೆ ಎಂದೂ ಆದದ್ದಿಲ್ಲ. ಒಬ್ಬರು "ಚೋಕ್ ಎಳೀರಿ" ಎನ್ನುತ್ತಾರೆ, ಇನ್ನೊಬ್ಬರು "ಓವರ್ ಆಗಿದೆ, ಎಳೀಬೇಡಿ" ಎನ್ನುತ್ತಾರೆ, ಬೈಕಿನಲ್ಲೇ ಕೂತ ಮೂರನೆಯವರು "ಸೆಕೆಂಡ್ ಗೇರಲ್ಲಿಟ್ಟು ತಳ್ಳಿ" ಎನ್ನುತ್ತಾರೆ. ಮೂರನೆಯವರ ಸಲಹೆ ಮಾತ್ರ ತಮ್ಮ ಮಾನ ಉಳಿಸುವಂಥದ್ದು. ತಳ್ಳಿದಾಗ ಕೂಡಲೇ ಹತ್ತಿಕೊಂಡರೆ ಪೆಟ್ರೋಲ್, ಕಿಡಿ ಎರಡೂ ಸರಿಯಿವೆ, ತೊಂದರೆ ತಮ್ಮಲ್ಲೋ ತಮ್ಮಿಂದ ಸೆಲ್ಫ್‌ವರೆಗಿನ ದಾರಿಯಲ್ಲೋ ಇದೆ. ಬೀದಿಯುದ್ದ ತಳ್ಳಿದರೂ ಹತ್ತದಿದ್ದರೆ ತಮ್ಮನ್ನು ಬಿಟ್ಟು ಬೇರೆ ಕಡೆ ಹುಡುಕಬೇಕು. ಇಂಜೆಕ್ಷನ್ ಇಂಜಿನ್ನಿನ ಕಾರುಗಳಲ್ಲಿ ಒಂದು ತಿದ್ದುಪಡಿ: ತಾವು ಪೂರ್ತಿ ಖಾಲಿಯಾಗಿದ್ದರೆ ಟ್ಯಾಂಕಿನ ಪಂಪೂ ಕಂಪ್ಯೂಟರೂ ಏಳುವುದಿಲ್ಲ, ಎಷ್ಟು ತಳ್ಳಿದರೂ ವ್ಯಾಯಾಮವಾಗುತ್ತದೆ ಅಷ್ಟೆ. ಅಂಥ ಕಾರಿನಲ್ಲಿ ಕೀಲಿ ಆನ್ ಮಾಡಿದೊಡನೆ ಹಿಂದಿನ ಸೀಟಿನ ಕೆಳಗಿಂದ ಒಂದೆರಡು ಸೆಕೆಂಡ್ 'ಝೂಂ' ಎನ್ನುವ ಸದ್ದು ಬರಬೇಕು. ಬಾರದಿದ್ದರೆ ಮೊದಲು ಫ್ಯೂಸ್, ರಿಲೇ ನೋಡುವುದು. ಸಮಿತಿ ಗಟ್ಟಿಯಾಗಿ ಚರ್ಚಿಸುತ್ತಿದ್ದರೆ ಆ ಸದ್ದು ಕೇಳುವುದಿಲ್ಲ ಎಂಬುದು ಬೇರೆ ಮಾತು.

ಇಷ್ಟೆಲ್ಲ ಆದರೂ ತಮ್ಮ ಅಮಾನತು ತಪ್ಪುವ ಸೂಚನೆಯೇನೂ ಇಲ್ಲ. ಗಾಬರಿಯಾಗಬೇಡಿ. ಅಂಗಡಿಯವನು ತಮ್ಮನ್ನು ತೂಗಿ, ಹೊಸದರ ಬೆಲೆಯಲ್ಲಿ ಒಂದಿಷ್ಟು ವಜಾ ಮಾಡುತ್ತಾನೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯದನ್ನು ಸಂಗ್ರಹಿಸಿ ಸಂಸ್ಕರಿಸುವ ಹೊಣೆ ತಯಾರಕರದ್ದೇ. ತಮ್ಮ ಸೀಸ ಕರಗಿ, ಹೊಸ ಪ್ಲೇಟಾಗಿ, ಹೊಸ ಡಬ್ಬಿ ಸೇರಿ, ಮಿರಮಿರ ಮಿಂಚುವ ಸ್ಟಿಕರ್ ಅಂಟಿಸಿಕೊಂಡು ಇನ್ಯಾವುದೋ ಮೇಷ್ಟ್ರ ಕಾರಿಗೆ ಬರುವ ಸಾಧ್ಯತೆ ಸಾಕಷ್ಟಿದೆ. ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ 1859ರಲ್ಲಿ ಎರಡು ಸೀಸದ ಹಾಳೆ ಸುರುಳಿ ಸುತ್ತಿ ಆಸಿಡ್ಡಿನಲ್ಲಿ ಇಳಿಬಿಟ್ಟಾಗಿನಿಂದ ತಮ್ಮ ಕುಲದವರು ಹೀಗೆ ವಜಾ, ಮರುನೇಮಕ, ಮತ್ತೆ ವಜಾ ಕಾಣುತ್ತಲೇ ಬಂದಿದ್ದೀರಿ.

ಇಂತಿ,
ಹಳೇ ಕಾರು ತಳ್ಳುವವರ ಪರವಾಗಿ

ತಾ.ಕ.: ಹೊಸ ಕಾರಿಗೆ ಹಾಜರಾದ ದಿನವೇ ಮೈನಸ್ ವೈರಿನ ಇನ್ನೊಂದು ತುದಿ ಎಲ್ಲಿದೆ ಎಂದು ವಿಚಾರಿಸಿಕೊಳ್ಳಿ. ಮೆಕ್ಯಾನಿಕ್ ಹತ್ತಿರ ಹದಿಮೂರನೇ ನಂಬರ್ ಸ್ಪ್ಯಾನರ್ ಇಲ್ಲದಿದ್ದರೆ ಸೀಟಿನ ಕೆಳಗೆ ಜಾಕ್ ಪಕ್ಕದಲ್ಲಿ ನೋಡಲು ಹೇಳಿ.