ಎಂ.ಡಿ. ಸಾಹೇಬರ ಹಿಟ್ಟು

ಮೈಸೂರಿನ ಕುವೆಂಪುನಗರದ ನಮ್ಮ ಬೀದಿಯಲ್ಲಿ ಒಬ್ಬ ಎಂ.ಡಿ. ಇದ್ದಾರೆ. ಡಾಕ್ಟರಲ್ಲ, ಮ್ಯಾನೇಜಿಂಗ್ ಡೈರೆಕ್ಟರು. ಅವರ ಕೈಕೆಳಗೆ ಕೆಲಸ ಮಾಡುವವರು ಒಬ್ಬರೇ, ಅವರ ಹೆಂಡತಿ. ಆಕೆಯ ಕೈಕೆಳಗೆ ಎರಡು ಲೀಟರಿನ ಒಂದು ಗ್ರೈಂಡರ್. ಕಂಪನಿ ಅಂದರೆ ಇಷ್ಟೇ. ತಯಾರಾಗುವ ಮಾಲು ದೋಸೆ ಹಿಟ್ಟು.

ಇಂಥವರು ನಿಮ್ಮ ಬೀದಿಯಲ್ಲೂ ಒಬ್ಬರು ಇದ್ದೇ ಇರುತ್ತಾರೆ. ವಯಸ್ಸು ನಲವತ್ತೈದರ ಆಚೀಚೆ. ಇಪ್ಪತ್ತು ವರ್ಷ ಬೇರೆಯವರ ಫ್ಯಾಕ್ಟರಿಯಲ್ಲಿ ದುಡಿದು, ಒಂದು ದಿನ ತನಗಿಂತ ಚಿಕ್ಕ ವಯಸ್ಸಿನ ಮ್ಯಾನೇಜರ್ ಏನೋ ಅಂದನೆಂದು ‘ಸಾಕಪ್ಪಾ ಈ ಗುಲಾಮಗಿರಿ’ ಎಂದು ಎದ್ದು ಬಂದಿರುತ್ತಾರೆ. ಪಿ.ಎಫ್. ದುಡ್ಡು ಕೈಗೆ ಬಂದ ವಾರದಲ್ಲೇ ಜೇಬಿಗೊಂದು ಪೆನ್ನು, ಕಂಕುಳಿಗೊಂದು ಫೈಲು ಬರುತ್ತದೆ. ಮಾತಿನಲ್ಲಿ ‘ಬ್ರ್ಯಾಂಡ್’, ‘ಸ್ಕೇಲ್’ ಎಂಬ ಪದಗಳು ಒಗ್ಗರಣೆಯ ಸಾಸಿವೆಯಂತೆ ಸಿಡಿಯತೊಡಗುತ್ತವೆ.

ನಮ್ಮ ಎಂ.ಡಿ.ಯವರು ವ್ಯಾಪಾರದ ಲೆಕ್ಕವನ್ನು ನನಗೆ ಮೊದಲು ತೋರಿಸಿದ್ದು ಮಗಳ ಗಣಿತದ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ.

‘ಮೈಸೂರಲ್ಲಿ ಎರಡು ಲಕ್ಷ ಮನೆ ಅಂತ ಇಟ್ಕೊಳ್ಳಿ. ಎಲ್ಲರೂ ಬೇಡ ಸಾರ್, ನನಗೆ ದುರಾಸೆ ಇಲ್ಲ. ಬರೀ ಒಂದೇ ಒಂದು ಪರ್ಸೆಂಟ್! ಎರಡು ಸಾವಿರ ಮನೆ. ಕೆ.ಜಿ.ಗೆ 23 ರೂಪಾಯಿ ಉಳಿದರೆ ದಿನಕ್ಕೆ 46,000. ವರ್ಷಕ್ಕೆ...’

ವರ್ಷಕ್ಕೆ ಒಂದು ಕೋಟಿ ಅರವತ್ತೇಳು ಲಕ್ಷದ ತೊಂಬತ್ತು ಸಾವಿರ. ಕೆಳಗೆ ಎರಡು ಗೆರೆ ಎಳೆದಿದ್ದರು. ಒಳಗಿನಿಂದ ಅವರ ಮನೆಯವರ ದನಿ ಬಂತು: ‘ರೀ, ದಿನಕ್ಕೆ ಎರಡು ಸಾವಿರ ಕೆ.ಜಿ. ರುಬ್ಬೋರು ಯಾರು?’

ನಾನು ಸುಮ್ಮನಿರಲಾರದೆ ಮನೆಗೆ ಬಂದು ಲೆಕ್ಕ ಹಾಕಿದೆ. ಆ ಗ್ರೈಂಡರ್ ಒಂದು ಸಲಕ್ಕೆ ಮೂರು ಕೆ.ಜಿ. ಹಿಟ್ಟು ಕೊಡುತ್ತದೆ, ಒಂದು ಸಲಕ್ಕೆ ಅರ್ಧ ಗಂಟೆ ಬೇಕು. ಎಂದರೆ ಆಕೆ ದಿನಕ್ಕೆ ಮುನ್ನೂರ ಮೂವತ್ತಮೂರು ಗಂಟೆ ರುಬ್ಬಬೇಕು. ಅಷ್ಟು ಗಂಟೆಯ ದಿನ ಇನ್ನೂ ಮಾರ್ಕೆಟ್ಟಿಗೆ ಬಂದಿಲ್ಲ. ಆ 23 ರೂಪಾಯಿ ಲಾಭದಲ್ಲಿ ಅಕ್ಕಿ ಕಳೆದಿದ್ದರು, ಉದ್ದು ಕಳೆದಿದ್ದರು, ಕವರನ್ನೂ ಕಳೆದಿದ್ದರು. ಆಕೆಯ ಕೂಲಿ ಮಾತ್ರ ಎಲ್ಲೂ ಇರಲಿಲ್ಲ.

ಬಂಡವಾಳಕ್ಕೆ ಮುದ್ರಾ ಸಾಲ ತೆಗೆದುಕೊಳ್ಳಿ, ಅಡಮಾನ ಬೇಡ ಎಂದು ಯಾರೋ ಹೇಳಿದರು. ಬ್ಯಾಂಕಿಗೆ ಹೋದವರು ಮುಖ ಊದಿಸಿಕೊಂಡು ಬಂದರು. ಆ ಯೋಜನೆಯಲ್ಲಿ 50,000 ರೂಪಾಯಿವರೆಗಿನ ಸಾಲಕ್ಕೆ ‘ಶಿಶು’ ಎಂದು ಹೆಸರು. ಅದರ ಮೇಲೆ ಕಿಶೋರ, ತರುಣ. ‘ಈ ವಯಸ್ಸಲ್ಲಿ ನನ್ನನ್ನ ಶಿಶು ಅಂತಾರಲ್ರೀ!’ ಎಂದು ಪಿ.ಎಫ್. ದುಡ್ಡಿಗೇ ಕೈ ಹಾಕಿದರು. ಧರ್ಮಸ್ಥಳದ ಹೆಗ್ಗಡೆಯವರೂ ಬ್ಯಾಂಕಿನವರೂ ಸೇರಿ 1982ರಲ್ಲಿ ಉಜಿರೆಯಲ್ಲಿ ಶುರು ಮಾಡಿದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿ ಈಗ ದೇಶದ ತುಂಬ ತರಬೇತಿ ಕೇಂದ್ರಗಳಿವೆ, ಊಟ-ವಸತಿ ಕೊಟ್ಟು ಪುಕ್ಕಟೆ ಕಲಿಸುತ್ತಾರೆ ಎಂದು ನಾನೂ ಹೇಳಿ ನೋಡಿದೆ. ‘ಪುಕ್ಕಟೆ ಕಲಿಸೋದರಲ್ಲಿ ಏನಿರುತ್ತೆ ಸಾರ್?’ ಎಂದರು. ಮರುವಾರವೇ ಸ್ಟಾರ್ ಹೋಟೆಲಿನಲ್ಲಿ ಒಂದು ದಿನದ ‘ಮೈಂಡ್‌ಸೆಟ್’ ಶಿಬಿರಕ್ಕೆ ಆರು ಸಾವಿರ ಕೊಟ್ಟು ಕೂತು ಬಂದರು. ಮಧ್ಯಾಹ್ನದ ಊಟ ಚೆನ್ನಾಗಿತ್ತಂತೆ.

ಆಡಿಟರು ಪುಣ್ಯಾತ್ಮರು. ‘ಸದ್ಯಕ್ಕೆ ಪ್ರೊಪ್ರೈಟರ್ ಅಂತ ಶುರು ಮಾಡಿ, ಖರ್ಚು ಕಮ್ಮಿ. ಕಂಪನಿ ಮಾಡಿದರೆ ವ್ಯಾಪಾರ ಆಗಲಿ ಬಿಡಲಿ ವರ್ಷಾ ವರ್ಷಾ ಆಡಿಟ್ ಮಾಡಿಸಲೇಬೇಕು’ ಎಂದರು. ಪ್ರೊಪ್ರೈಟರಿಗೆ ಎಂ.ಡಿ. ಅನ್ನಿಸಿಕೊಳ್ಳುವ ಯೋಗವಿಲ್ಲವಲ್ಲ! ಪ್ರೈವೇಟ್ ಲಿಮಿಟೆಡ್ಡೇ ಆಗಬೇಕೆಂದರು. ಅದಕ್ಕೆ ಕನಿಷ್ಠ ಇಬ್ಬರು ಡೈರೆಕ್ಟರು ಬೇಕು. ಅಕ್ಕಿ ಆರಿಸುತ್ತಿದ್ದ ಹೆಂಡತಿ ಸೆರಗಿಗೆ ಕೈ ಒರೆಸಿಕೊಂಡು, ತೋರಿಸಿದಲ್ಲೆಲ್ಲ ಸಹಿ ಹಾಕಿ ಡೈರೆಕ್ಟರ್ ಆದರು. ಆಮೇಲೆ ಉಳಿದ ಅಕ್ಕಿ ಆರಿಸಿದರು.

ಕಂಪನಿಯ ಹೆಸರಿನಲ್ಲಿ ‘ಗ್ಲೋಬಲ್’ ಇತ್ತು, ‘ವೆಂಚರ್ಸ್’ ಇತ್ತು, ಕೊನೆಯಲ್ಲಿ ‘ಇಂಡಿಯಾ’ ಇತ್ತು. ಹಿಟ್ಟು ಮಾತ್ರ ಇರಲಿಲ್ಲ. ಉದ್ಯಮ್ ನೋಂದಣಿಗೆ ಸರ್ಕಾರ ಒಂದು ಪೈಸೆಯೂ ಕೇಳುವುದಿಲ್ಲ. ಇವರು ಏಜೆಂಟನಿಗೆ ಎರಡೂವರೆ ಸಾವಿರ ಕೊಟ್ಟರು. ಆಹಾರ ಸುರಕ್ಷತೆಯ ನೋಂದಣಿಗೆ ಆಗ ಸಣ್ಣ ವ್ಯಾಪಾರಿಗಳಿಗೆ ವರ್ಷಕ್ಕೆ 100 ರೂಪಾಯಿ. ‘ನೂರು ರೂಪಾಯಿಗೆ ಸಿಗೋದಕ್ಕೆ ಏನು ಬೆಲೆ?’ ಎಂದು ಮನಸ್ಸಿಲ್ಲದ ಮನಸ್ಸಿನಿಂದ ಮಾಡಿಸಿದರು. ಲೋಗೋಗೆ ಎಂಟು ಸಾವಿರ. ದಪ್ಪ ಕಾಗದದ ವಿಸಿಟಿಂಗ್ ಕಾರ್ಡು ಒಂದು ಸಾವಿರ. ‘ಫ್ರಿಜ್ಜು ಸಣ್ಣದಾಯ್ತು ಕಣ್ರೀ’ ಎಂದು ಎರಡನೆಯ ಡೈರೆಕ್ಟರು ಮಂಡಿಸಿದ ಪ್ರಸ್ತಾವ ಬಿದ್ದುಹೋಯಿತು.

2025ರ ಯುಗಾದಿಗೆ ಉದ್ಘಾಟನೆ. ಬೀದಿಗೆಲ್ಲ ಬೇವು-ಬೆಲ್ಲ, ಒಂದೊಂದು ಕಾರ್ಡು. ಎಂ.ಡಿ.ಯವರು ಐಡಿ ಕಂಪನಿಯ ಕಥೆ ಹೇಳಿದರು: 2005ರಲ್ಲಿ ಬೆಂಗಳೂರಿನ ಒಂದು ಪುಟ್ಟ ಜಾಗದಲ್ಲಿ ಸೋದರಸಂಬಂಧಿಗಳು ಸೇರಿ ಹಿಟ್ಟು ಮಾಡತೊಡಗಿದ್ದು, ಇವತ್ತು ಎಲ್ಲೆಲ್ಲೂ ಅದೇ ಸಿಗುವುದು. ದಿನಕ್ಕೆ ನೂರು ಪ್ಯಾಕೆಟ್ ಮುಟ್ಟಲು ಅವರಿಗೂ ತಿಂಗಳುಗಟ್ಟಲೆ ಹಿಡಿಯಿತು ಎಂಬ ಭಾಗ ಬಂದಾಗ ಯಾಕೋ ಕೆಮ್ಮು ಬಂತು, ಮುಂದಕ್ಕೆ ಹೋದರು.

ಮೊದಲ ದಿನ ಅರವತ್ತು ಪ್ಯಾಕೆಟ್ಟು. ಸ್ಕೂಟರಿನ ಮುಂದೆ ಒಂದು ಚೀಲ, ಹಿಂದೆ ಒಂದು ಚೀಲ. ಆರು ಅಂಗಡಿಯವರೂ ಇಟ್ಟುಕೊಂಡರು, ದುಡ್ಡು ಮಾತ್ರ ‘ಮಾಲು ಹೋದ್ಮೇಲೆ ಸಾರ್’. ಹನ್ನೊಂದು ಗಂಟೆಗೆ ಮೊದಲ ಫೋನು.

‘ಸಾರ್, ನಿಮ್ ಪ್ಯಾಕೆಟ್ಟು ಉಸಿರಾಡ್ತಾ ಇದೆ.’

‘ಹಂಗಂದ್ರೆ?’

‘ಬಂದು ನೋಡಿ ಸಾರ್. ಬೇಗ ಬನ್ನಿ.’

ಬೇಸಿಗೆಯ ಬಿಸಿಲು. ಹುದುಗಿದ ಹಿಟ್ಟು ತಣ್ಣಗಿಲ್ಲದಿದ್ದರೆ ಹುದುಗುತ್ತಲೇ ಇರುತ್ತದೆ. ಒಳಗೆ ಹುಟ್ಟುವ ಗಾಳಿಗೆ ಕವರಿನಿಂದ ಆಚೆ ಬರಲು ದಾರಿಯಿಲ್ಲ. ನಾವು ಹೋಗುವಷ್ಟರಲ್ಲಿ ಪ್ಯಾಕೆಟ್ಟುಗಳು ಹಬ್ಬದ ಪೂರಿಯಂತೆ ಊದಿ, ಮೇಲಿನ ಲೋಗೋ ಬಿಗಿದುಕೊಂಡು ಬೆಳಗಿನದಕ್ಕಿಂತ ದೊಡ್ಡದಾಗಿ ಕಾಣುತ್ತಿತ್ತು. ಕಣ್ಣೆದುರಿಗೇ ಒಂದು ‘ಟಪ್’ ಎಂದಿತು. ಅಗರಬತ್ತಿ ಡಬ್ಬಗಳ ಮೇಲೆ, ಅಂಗಡಿಯವನ ಕನ್ನಡಕದ ಮೇಲೆ, ಗೋಡೆಯ ಲಕ್ಷ್ಮಿಯ ಮೇಲೆ ದೋಸೆ ಹಿಟ್ಟು. ಎಂ.ಡಿ.ಯವರು ಕರ್ಚೀಫಿನಿಂದ ಮೊದಲು ಲಕ್ಷ್ಮಿಯನ್ನು ಒರೆಸಿದರು.

ಅದೇ ವರ್ಷ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸು ಬಂದದ್ದು ನಿಮಗೆ ನೆನಪಿರಬಹುದು. ಬೇಕರಿ, ಟೀ ಅಂಗಡಿಗಳಲ್ಲೆಲ್ಲ ‘ನೋ ಯುಪಿಐ, ಓನ್ಲಿ ಕ್ಯಾಶ್’ ಎಂದು ಬರೆದು ಅಂಟಿಸಿದರು. ಊರೆಲ್ಲ ಹೆದರಿದ್ದಾಗ ನಮ್ಮ ಎಂ.ಡಿ.ಯವರೊಬ್ಬರೇ ಗೇಟಿನಲ್ಲಿ ನಿಂತು ಪೋಸ್ಟ್‌ಮ್ಯಾನಿಗೆ ಕಾದರು. ‘ಮಾಲು ಮಾರೋರಿಗೆ ವರ್ಷಕ್ಕೆ 40 ಲಕ್ಷ ದಾಟಿದ್ರೆ ಜಿಎಸ್‌ಟಿ ಅಂತೆ ಸಾರ್. ನಮಗೂ ಒಂದು ಬರಬಹುದಾ?’ ಬರಲಿಲ್ಲ. ಪಾಪ, ತುಂಬ ನೊಂದುಕೊಂಡರು.

ಇಷ್ಟರಲ್ಲಿ ಎರಡನೆಯ ಡೈರೆಕ್ಟರು ಬೋರ್ಡ್ ಮೀಟಿಂಗ್ ಕರೆಯದೆ ಒಂದು ತೀರ್ಮಾನ ತೆಗೆದುಕೊಂಡಿದ್ದರು. ಸಂಜೆ ರುಬ್ಬಿದ ಹಿಟ್ಟನ್ನು ಉಬ್ಬುವ ಮೊದಲೇ ಕೊಡುವುದು. ಡಬ್ಬಿ ನೀವೇ ತನ್ನಿ, ರಾತ್ರಿ ನಿಮ್ಮ ಅಡುಗೆಮನೆಯಲ್ಲೇ ಉಬ್ಬಲಿ. ಕವರಿಲ್ಲ, ಪೆಟ್ರೋಲಿಲ್ಲ, ಅಂಗಡಿಯವನ ಸಾಲವಿಲ್ಲ. ಮೊದಲು ಎದುರು ಮನೆ, ಆಮೇಲೆ ಪಕ್ಕದ ಮನೆ, ಆಮೇಲೆ ಹಿಂದಿನ ಬೀದಿಯ ಪಿ.ಜಿ. ಕೆ.ಜಿ.ಗೆ ಐದು ರೂಪಾಯಿ ತಮ್ಮ ಕೂಲಿ ಎಂದು ಸಕ್ಕರೆ ಡಬ್ಬಿಗೆ ಹಾಕಿ, ಉಳಿದದ್ದನ್ನೇ ಲಾಭ ಎಂದು ಕರೆದರು. ದೀಪಾವಳಿಗೆ ದೊಡ್ಡ ಫ್ರಿಜ್ಜು ಬಂತು.

ಈಗ ಆ ಮನೆಯಿಂದ ದಿನಕ್ಕೆ ಹದಿನೆಂಟು ಕೆ.ಜಿ. ಹಿಟ್ಟು ಹೋಗುತ್ತದೆ. ಎಂ.ಡಿ.ಯವರು ಸಂಜೆ ಅಕ್ಕಿ ತೊಳೆದುಕೊಡುತ್ತಾರೆ, ಡಬ್ಬಿ ತೂಗುತ್ತಾರೆ. ಹೊಸದಾಗಿ ವ್ಯಾಪಾರಕ್ಕಿಳಿಯುವವರು ಯಾರಾದರೂ ಸಲಹೆ ಕೇಳಿದರೆ ‘ಮೊದಲು ಹತ್ತು ಮನೆಗೆ ಮಾರಿ ನೋಡಿ, ಲೋಗೋ ಆಮೇಲೆ’ ಎಂದು ತಮ್ಮದೇ ಸಿದ್ಧಾಂತವೆಂಬಂತೆ ಹೇಳುತ್ತಾರೆ. ಮಾತು ಸರಿಯಾಗಿಯೇ ಇದೆ, ಕೇಳಿ.

ವಿಸಿಟಿಂಗ್ ಕಾರ್ಡೂ ವ್ಯರ್ಥವಾಗಲಿಲ್ಲ. ಹಿಂಬದಿ ಖಾಲಿ ಇದೆಯಲ್ಲ, ಆಕೆ ಒಂದೊಂದು ಮನೆಗೆ ಒಂದೊಂದು ಕಾರ್ಡು ಮಾಡಿ ತಿಂಗಳ ಲೆಕ್ಕ ಬರೆಯುತ್ತಾರೆ. ನಮ್ಮ ಮನೆಯದು ಹೋದ ತಿಂಗಳು ಇನ್ನೂರ ನಲವತ್ತು ರೂಪಾಯಿ ಬಾಕಿ ಇದೆ.