ಹದಿನೇಳೂವರಿಯ ಗಂಡಸು

ಚಿಕ್ಕಪಡಸಲಗಿಯ ಬ್ಯಾರೇಜಿನ ದಾರಿಯಲ್ಲಿ ನಸುಕಿನ ಐದಕ್ಕೆ, ಕಬ್ಬಿನ ಟ್ರ್ಯಾಕ್ಟರುಗಳಿಗಿಂತ ಮೊದಲು ಸದ್ದು ಮಾಡುವವರು ಮಿಲಿಟರಿ ಭರ್ತಿಗೆ ಓಡುವ ಹುಡುಗರು. ಪೂರ್ತಿ ಅಂಕ ಬೇಕೆಂದರೆ 1,600 ಮೀಟರನ್ನು ಐದೂವರೆ ನಿಮಿಷದಲ್ಲಿ ಮುಗಿಸಬೇಕು. ಓಟ ಮುಗಿಸಿ ಚಹಾದಂಗಡಿಯ ಕಟ್ಟೆಗೆ ಬಂದು ಕೂತವನೊಬ್ಬನಿಗೆ ಬೆವರು ಬಂದಿತ್ತು, ಮೀಸೆ ಬಂದಿರಲಿಲ್ಲ.

"ಎಷ್ಟು ವರ್ಷ ನಿನಗ, ತಮ್ಮಾ?"

"ಕಾಗದದಾಗ ಹದಿನೇಳೂವರಿ ರೀ ಕಾಕಾ."

"ಮತ್ತ ಖರೇ?"

"ಹದಿನಾರೂವರಿ. ಸಾಲಿಗೆ ಲಗೂನ ಹಾಕಾಕಂತ ಅಪ್ಪ ಒಂದ್ ವರ್ಷ ಜಾಸ್ತಿ ಬರಸ್ಯಾನ್ರೀ. ಈಗ ನೋಡ್ರಿ, ಉಪಯೋಗಕ್ಕ ಬಂತು."

ಇದು ಸ್ವಾವಲಂಬಿಗಳ ಊರು. ಸರ್ಕಾರ ಕಟ್ಟಲಿಲ್ಲವೆಂದು ಸಿದ್ದು ನ್ಯಾಮಗೌಡರ ಹಿಂದೆ ನಿಂತು, 1989ರಲ್ಲಿ ಕೃಷ್ಣೆಗೆ ತಾವೇ ಬ್ಯಾರೇಜು ಕಟ್ಟಿದ ರೈತರ ಸೀಮೆ. ಅಂಥವರ ಮೊಮ್ಮಕ್ಕಳು ದೇವರು ವಯಸ್ಸು ಕೊಡಲಿ ಎಂದು ಕಾಯುತ್ತಾರೆಯೇ? ಅದನ್ನೂ ತಾವೇ ಕಟ್ಟಿಕೊಳ್ಳುತ್ತಾರೆ.

ಸೈನ್ಯಕ್ಕೆ ಅಗ್ನಿವೀರನಾಗಿ ಸೇರಲು ಕನಿಷ್ಠ ವಯಸ್ಸು ಹದಿನೇಳೂವರೆ. ಈ 'ಅರೆ'ಯ ಮೇಲೆ ನನಗೆ ಅಪಾರ ಗೌರವ. ಮತದಾನಕ್ಕೆ 18, ಗೇರಿನ ಬೈಕಿಗೆ 18, ಮದುವೆಗೆ 21. ಅಲ್ಲೆಲ್ಲ ಪೂರ್ತಿ ವರ್ಷ ತುಂಬಬೇಕು. ಬಂದೂಕಿಗೆ ಮಾತ್ರ ಅರ್ಧ ವರ್ಷ ರಿಯಾಯಿತಿ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆಯ ಪ್ರಕಾರ ಇವನು ಪಟಾಕಿ ಕಾರ್ಖಾನೆಯಲ್ಲಿ ಕೂಲಿ ಮಾಡುವಂತಿಲ್ಲ: ಮದ್ದು ಸಿಡಿದೀತು, ಮಗು ಪಾಪ! ರಕ್ತ ಜಾಸ್ತಿಯಾಯಿತೆಂದು 'ಎ' ಸರ್ಟಿಫಿಕೇಟು ಪಡೆದ ಯುದ್ಧದ ಸಿನಿಮಾಕ್ಕೂ ಬಿಡುವುದಿಲ್ಲ. ಯುದ್ಧದ ಕಸುಬು ಕಲಿಯಲು ಹೋಗುತ್ತೇನೆಂದರೆ ಸಾಲಿನಲ್ಲಿ ನಿಲ್ಲಿಸಿ ಎದೆಯ ಅಳತೆ ತೆಗೆಯುತ್ತಾರೆ.

ಹಾಗೆಂದು ಸರ್ಕಾರಕ್ಕೆ ಕರುಳಿಲ್ಲವೆನ್ನಬೇಡಿ. ಭರ್ತಿ 16ಕ್ಕೇ ಆದರೂ, 18 ತುಂಬಿದ ಮೇಲಷ್ಟೇ ಕಾರ್ಯಾಚರಣೆಯ ಪ್ರದೇಶಕ್ಕೆ ಕಳಿಸುತ್ತೇವೆಂದು ಭಾರತ 2005ರಲ್ಲಿ ವಿಶ್ವಸಂಸ್ಥೆಗೆ ಬರೆದುಕೊಟ್ಟಿದೆ. 18 ತುಂಬಿದ್ದನ್ನು ಹೇಳುವುದು ಯಾವುದು? ಕಾಗದ. ಆ ಕಾಗದಕ್ಕೆ ಆಧಾರ? ನಮ್ಮ ಕಾಲದಲ್ಲಾದರೆ, ತಲೆಯ ಮೇಲಿಂದ ಕೈ ಹಾಯಿಸಿ ಆಚೆಯ ಕಿವಿ ಮುಟ್ಟಿಸಿ ಮಾಸ್ತರರು ಬರೆದುಕೊಂಡ ಜೂನ್ 1. ನನ್ನದೂ ಅದೇ, ನನ್ನ ಅಣ್ಣನದೂ ಅದೇ. ಅವ್ವನ ಪ್ರಕಾರ ನಾನು ಹುಟ್ಟಿದ್ದು ಸೀಗಿ ಹುಣ್ಣಿಮೆಯ ಮರುದಿನ. ಅವ್ವನಿಗೇನು ಗೊತ್ತು, ಹೆತ್ತವಳು ಅಷ್ಟೇ.

ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ವಿ.ಕೆ. ಸಿಂಗ್ ಅವರೇ ತಾವು ಹುಟ್ಟಿದ್ದು 1950 ಅಲ್ಲ, 1951 ಎಂದು 2012ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಕಡೆಗೆ ಅರ್ಜಿ ವಾಪಸು ಪಡೆದರು. ಸೈನ್ಯ ಸೇರುವಾಗ ಹಿರಿಯನಾಗಬೇಕು, ಬಿಡುವಾಗ ಕಿರಿಯನಾಗಬೇಕು, ನಡುವೆ ಬದುಕಿದ್ದರೆ.

ಮೊದಲ ಮಹಾಯುದ್ಧದಲ್ಲಿ ಸಿಡ್ನಿ ಲೂಯಿಸ್ ಎಂಬ ಇಂಗ್ಲಿಷ್ ಹುಡುಗ 1915ರಲ್ಲಿ, 12ರ ವಯಸ್ಸಿಗೇ ಸೈನ್ಯ ಸೇರಿದ. 13ಕ್ಕೆ ಸೊಮ್ಮ್ ರಣಾಂಗಣದಲ್ಲಿದ್ದ. ತಾಯಿ ಅವನ ಜನನಪತ್ರ ಕಳಿಸಿದ ಮೇಲೆ ಮನೆಗೆ ಕಳಿಸಿದರು. ನಮ್ಮ ಹುಡುಗನ ತಾಯಿ ಕಾಗದ ಕಳಿಸಿ ಏನು ಮಾಡಿಯಾಳು? ಅವನನ್ನು ಕಳಿಸುವುದೇ ಆ ಕಾಗದ.

ಇದನ್ನೆಲ್ಲ ನಾನು ಚಹಾದಂಗಡಿಯಲ್ಲಿ ಹೇಳಲು ಹೋಗಿ ದೇಶದ್ರೋಹಿಯಾದೆ. 2025ರ ಮೇ ತಿಂಗಳಲ್ಲಿ ಪಾಕಿಸ್ತಾನದೊಂದಿಗೆ ನಡೆದ ಆ ನಾಲ್ಕು ದಿನಗಳ ಕಾಳಗದಿಂದ ಇಲ್ಲಿನ ಬೆಂಚಿನ ಮೇಲೆ ಯುದ್ಧ ನಿಂತೇ ಇಲ್ಲ. ಕದನವಿರಾಮಕ್ಕೆ ಇವರಾರೂ ಒಪ್ಪಿಲ್ಲ. ಸೇನಾಪತಿಗಳಿಗೆಲ್ಲ ಅರವತ್ತು ದಾಟಿದೆ, ಮೊಣಕಾಲು ನೋವು. ಮಕ್ಕಳು ಬೆಂಗಳೂರಿನಲ್ಲಿ ಕಂಪ್ಯೂಟರಿನ ಮುಂದೆ ಕ್ಷೇಮವಾಗಿದ್ದಾರೆ. ಅವರಲ್ಲೊಬ್ಬರು ಹುಡುಗನ ಬೆನ್ನು ಚಪ್ಪರಿಸಿದರು. "ಭಲೇ! ಇಂಥಾ ಗಂಡಸರು ಬೇಕ್ ನೋಡು ಗಡಿಗೆ. ಹೋಗು, ಒಂದ್ ಕಟ್ಟು ಬೀಡಿ ತಗೊಂಡ್ ಬಾ."

ಹುಡುಗ ಎದೆಯುಬ್ಬಿಸಿ ಪಕ್ಕದ ಡಬ್ಬಿ ಅಂಗಡಿಗೆ ಹೋದ. ಅಂಗಡಿಯವ ಅವನ ಮುಖ ನೋಡಿದ, ನೇತುಹಾಕಿದ ಬೋರ್ಡು ತೋರಿಸಿದ.

"ಇಪ್ಪತ್ತೊಂದು ಆಗದವರಿಗೆ ಕೊಡಂಗಿಲ್ಲ ತಮ್ಮಾ. ನೀ ಇನ್ನಾ ಸಣ್ಣಾಂವ ಅದಿ."